ತಣ್ಣನೆಯ ಒಲೆ, ಬೆಚ್ಚನೆಯ ನೆಲ

ಕಲ್ಲಿದ್ದಲು ಅಗೆಯುವ ಊರಿನಲ್ಲೇ ಇದ್ದಲಿಗೆ ಬರ ಬಂತು ಎಂದರೆ ಯಾರು ನಂಬುತ್ತಾರೆ? ಕೊರಿಯಾದ ಉತ್ತರದ ಬೆಟ್ಟಸೀಮೆಯ ಆ ಗಣಿಯೂರಿನಲ್ಲಿ ಆ ಚಳಿಗಾಲ ಆದದ್ದು ಅದೇ. ಕರೆಂಟಿಲ್ಲದೆ ಗಣಿಯ ಪಂಪುಗಳು ನಿಂತವು. ಪಂಪು ನಿಂತು ಗಣಿಯೊಳಗೆ ನೀರು ತುಂಬಿತು. ಗಣಿ ಮುಳುಗಿ ಕರೆಂಟಿನ ಕಾರ್ಖಾನೆಗೆ ಇದ್ದಲು ಹೋಗಲಿಲ್ಲ, ಇದ್ದಲು ಹೋಗದೆ ಕರೆಂಟು ಬರಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಈ ಗಂಟನ್ನು ಇನ್ನೇನು ಬಿಚ್ಚುತ್ತೇವೆ ಎಂದು ಮೇಲಿನವರು ಬೇಸಿಗೆಯಿಡೀ ಹೇಳುತ್ತಿದ್ದರು. ಕೊನೆಗೆ ಆ ಮಾತು ಬರುತ್ತಿದ್ದ ಗೋಡೆಯ ಮೇಲಿನ ಸ್ಪೀಕರ್ ಪೆಟ್ಟಿಗೆಯೂ ಬಾಯಿ ಮುಚ್ಚಿತು. ಅಷ್ಟರ ಮಟ್ಟಿಗೆ ನೆಮ್ಮದಿ.

ಪುನಿಯ ಮನೆಯಲ್ಲಿ ಬಲ್ಬಿನ ಸ್ವಿಚ್ಚನ್ನು ಯಾರೂ ಆರಿಸುತ್ತಿರಲಿಲ್ಲ. ಆರಿಸಿಬಿಟ್ಟರೆ ಕರೆಂಟು ಬಂದದ್ದು ಗೊತ್ತಾಗುವುದು ಹೇಗೆ? ಎಲ್ಲೋ ಅಪರೂಪಕ್ಕೆ ಬಲ್ಬಿನೊಳಗಿನ ತಂತಿ ಕೆಂಪು ಹುಳುವಿನಂತೆ ಮಿಸುಕಾಡಿ ಸುಮ್ಮನಾಗುತ್ತಿತ್ತು. ಅಷ್ಟಕ್ಕೇ ಮಗಳು ಸೊಲ್ಮಿ ಚಪ್ಪಾಳೆ ತಟ್ಟುತ್ತಿದ್ದಳು. ಐದು ವರ್ಷದ ಹುಡುಗಿ. ದೀಪ ಎಂದರೆ ಹಚ್ಚಿಟ್ಟ ಪೈನ್ ಮರದ ಅಂಟು ತುಂಬಿದ ಸೀಳು ಎಂದೇ ತಿಳಿದವಳು. ಆ ಸೀಳಿನ ಹೊಗೆಗೆ ತಾಯಿ ಮಗಳಿಬ್ಬರ ಮೂಗಿನ ಹೊಳ್ಳೆಗಳೂ ಒಲೆಯ ಬಾಯಿಯಷ್ಟು ಕಪ್ಪಾಗಿದ್ದವು.

ಗಣಿಗಾರರ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿದ್ದವು. ಊದುವ ಹಾರ್ಮೋನಿಕದ ತೂತುಗಳ ಹಾಗೆ ಕಾಣುತ್ತವೆ ಎಂದು ಜನ ಅವಕ್ಕೆ ಹಾರ್ಮೋನಿಕ ಮನೆಗಳೆಂದೇ ಹೆಸರಿಟ್ಟಿದ್ದರು. ಎರಡು ಸಂಸಾರಕ್ಕೆ ಒಂದೇ ಗೋಡೆ. ಈಚೆ ಮನೆಯ ಜಗಳಕ್ಕೆ ಆಚೆ ಮನೆಯವರು ಕೂತಲ್ಲಿಂದಲೇ ತೀರ್ಪು ಹೇಳಬಹುದಿತ್ತು. ಅಡುಗೆಮನೆಯ ಒಲೆಗೆ ಇದ್ದಲ ಉಂಡೆ ಹಾಕಿದರೆ ಅದರ ಹೊಗೆ ಕೋಣೆಯ ನೆಲದಡಿಯ ಕಲ್ಲಿನ ಕಾಲುವೆಗಳಲ್ಲಿ ಹರಿದು, ನೆಲವನ್ನು ಕಾಯಿಸುತ್ತ, ಹೊಗೆಗೂಡಿನಿಂದ ಹೊರಗೆ ಹೋಗುತ್ತದೆ. ಒಲೆಯ ಮಗ್ಗುಲಿನ ಮೂಲೆ ಎಲ್ಲಕ್ಕಿಂತ ಬೆಚ್ಚಗೆ. ಆ ಮೂಲೆ ಮನೆಯ ಹಿರಿಯರದು.

ಪುನಿಯ ಮನೆಯಲ್ಲಿ ಅದು ಅತ್ತೆಯದಾಗಿತ್ತು. ಎಲೆ ಉದುರುವ ಕಾಲದಲ್ಲಿ ಅತ್ತೆ ಅದೇ ಮೂಲೆಯಲ್ಲಿ, ಗೋಡೆಯ ಕಡೆ ಮುಖ ಮಾಡಿಕೊಂಡು ಸತ್ತಿದ್ದಳು. ಬಾಯಿ ಎಂದರೆ ಬಾಯಿ ಅವಳದು. ಸೊಸೆ ಎದ್ದರೆ ಯಾಕೆ ಎದ್ದೆ, ಕೂತರೆ ಯಾಕೆ ಕೂತೆ. ಆ ಸೀಮೆಯಲ್ಲಿ ಒಳ್ಳೆಯ ಅತ್ತೆಯಂದಿರು ಸೊಸೆಯನ್ನು ‘ಅಗಾ’ ಎಂದು ಕರೆಯುತ್ತಾರೆ. ಕಂದಾ ಎಂದ ಹಾಗೆ. ಮದುವೆಯಾಗಿ ಬಂದ ಹೊಸದರಲ್ಲಿ ಪುನಿ ಆ ಒಂದು ಮಾತಿಗೆ ಕಿವಿ ನೆಟ್ಟು ಕಾದಿದ್ದಳು. ಪಕ್ಕದ ಮನೆ ಸೊಸೆಗೆ ಸಿಕ್ಕಿತು, ಎದುರು ಮನೆಯ ಕುಂಟು ಸೊಸೆಗೂ ಸಿಕ್ಕಿತು, ಇವಳಿಗೆ ಸಿಗಲಿಲ್ಲ. “ಏ ಸೋಮಾರಿ,” “ಏ ಚೊಲ್ಗು ಹೆಂಡ್ತಿ,” “ಚಳಿಗಾಲದ ಕರಡಿ ಥರ ಬಿದ್ಕೊಂಡಿದ್ದೀಯಲ್ಲೇ, ಏಳೇ!” ಸಾಯುವ ದಿನವೂ ಕೊನೆಯ ಮಾತು ಬೈಗುಳವೇ. “ನೆಲದ ಕಾಗದಕ್ಕೆ ಅಂಟು ಹಚ್ಚಿದ್ಯಾ? ಗೋಡೆ ಬುಡ ಮೆತ್ತಿದ್ಯಾ? ನಾನು ಸತ್ರೆ ಈ ಮನೆ ಗಾಳಿಪಾಲು.”

ಅದೊಂದು ಪ್ರತಿ ವರ್ಷದ ಕೆಲಸ. ಚಳಿ ಹಿಡಿಯುವ ಮೊದಲು ಗೋಡೆಯ ಬುಡದ ಬಿರುಕಿಗೆ ಜೇಡಿಮಣ್ಣು ಮೆತ್ತಬೇಕು, ಹಿಟ್ಟಿನ ಅಂಟು ಕಾಯಿಸಿ ನೆಲದ ಮೇಲಿನ ಎಣ್ಣೆಕಾಗದವನ್ನು ಹೊಸದಾಗಿ ಅಂಟಿಸಬೇಕು. ಇಲ್ಲದಿದ್ದರೆ ನೆಲದಡಿಯ ಹೊಗೆ ಮೇಲೆ ಬರುತ್ತದೆ. ಅತ್ತೆ ಮಂಡಿಯೂರಿ ತಾನೇ ಮಾಡುತ್ತಿದ್ದಳು, ಮಾಡುತ್ತ ಬೈಯುತ್ತಿದ್ದಳು. ಈ ವರ್ಷ ಅಂಟಿಗೆಂದು ಎತ್ತಿಟ್ಟಿದ್ದ ಹಿಟ್ಟನ್ನು ಪುನಿ ಗಂಜಿ ಮಾಡಿ ಮಗಳಿಗೆ ಕುಡಿಸಿದಳು. ಹಸಿದ ಮಗು ಎದುರಿಗಿರುವಾಗ ನೆಲಕ್ಕೆ ಹಿಟ್ಟು ತಿನ್ನಿಸುವ ತಾಯಿ ಯಾರಿದ್ದಾಳೆ? ಹೇಗೂ ಒಲೆಗೆ ಹಾಕಲು ಇದ್ದಲೇ ಇಲ್ಲ. ಒಲೆ ಉರಿಯದ ಮನೆಯಲ್ಲಿ ಹೊಗೆ ಎಲ್ಲಿಂದ ಬರುತ್ತದೆ ಎಂದು ಅವಳ ಲೆಕ್ಕ.

ಅದು ಅವಳೊಬ್ಬಳ ಲೆಕ್ಕವಲ್ಲ, ಊರಿನದೇ ಲೆಕ್ಕ. ಇದ್ದಲ ಹೊಗೆಯಲ್ಲಿ ಒಂದು ವಿಷವಿದೆ. ಕಣ್ಣಿಗೆ ಕಾಣದು, ಮೂಗಿಗೆ ಸಿಗದು. ಗ್ಯಾಸು ಎನ್ನುತ್ತಾರೆ. ಮೊದಲು ತಲೆನೋವು, ಆಮೇಲೆ ಹಾಯಾದ ನಿದ್ದೆ, ಆಮೇಲೆ ಏನೂ ಇಲ್ಲ. ಹೀಗೆ ಪ್ರತಿ ಚಳಿಗಾಲವೂ ಓಣಿಯಲ್ಲಿ ಯಾರಾದರೂ ಮಲಗಿದವರು ಏಳುತ್ತಿರಲಿಲ್ಲ. ಅದಕ್ಕೇ ಓಣಿಯ ಯಜಮಾನಿಕೆ ನೋಡುವ ಟಾಕ್ ಚಿಕ್ಕಮ್ಮ ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ಪಹರೆ ಬರುತ್ತಿದ್ದಳು. ಬಾಗಿಲು ಬಡಿದು “ಜೀವ ಇದ್ಯಾ?” ಎಂದು ಕೇಳುವುದು, ಒಳಗಿನವರು “ಇದೆ” ಎನ್ನುವುದು. ಹೊಗೆಗೂಡಿನಲ್ಲಿ ಹೊಗೆ ಇಲ್ಲದ ಮನೆಯ ಬಾಗಿಲನ್ನು ಅವಳು ಬಡಿಯುತ್ತಿರಲಿಲ್ಲ. ಒಲೆ ಆರಿದ ಮನೆಯವರು ಚಳಿಯಿಂದ ಸಾಯಬಹುದು, ಗ್ಯಾಸಿನಿಂದ ಸಾಯುವಂತಿಲ್ಲ. ಚಳಿಯಿಂದ ಸಾಯುವವರಿಗೆ ಪಹರೆ ಇರಲಿಲ್ಲ.

ಪುನಿಯ ಗಂಡ ಚೊಲ್ಗು ಮರ ಕಡಿಯುವ ದಳದ ಜೊತೆ ದೂರದ ಬೆಟ್ಟಕ್ಕೆ ಹೋಗಿದ್ದ. ಬರುವಾಗ ಹಿಮದ ಮೇಲೆ ಎಳೆಯುವ ಬಂಡಿಯ ತುಂಬ ಸೌದೆ ತರುತ್ತೇನೆ ಎಂದಿದ್ದ. ಅವನು ಬರುವವರೆಗೆ ಇರುವುದರಲ್ಲೇ ದಿನ ದೂಡಬೇಕು. ಗಣಿಯ ತಿಪ್ಪೆ ಜಾಲಾಡಿ ತಂದ ಇದ್ದಲ ಪುಡಿಗೆ ಕೆಂಪು ಮಣ್ಣು ಕಲಸಿ ಉಂಡೆ ಕಟ್ಟಿದ್ದಳು, ಅದು ಮುಗಿಯಿತು. ಜೋಳದ ಬೆಂಡು ಮುಗಿಯಿತು. ಅತ್ತೆಯ ಬಟ್ಟೆಯ ಪೆಟ್ಟಿಗೆ ಒಡೆದು ಉರಿಸಿದ್ದಾಯಿತು. ಒಡೆಯುವಾಗ ಗೋಡೆಯಿಂದ ಬೈಗುಳ ಬಂದೀತು ಎಂದು ಅವಳು ಹೆದರಿದ್ದಳು, ಬರಲಿಲ್ಲ. ಈಗ ದಿನಕ್ಕೆ ಒಂದು ಹಿಡಿ ಚಕ್ಕೆ ಮಾತ್ರ, ಒಣಗಿದ ಮೂಲಂಗಿ ಸೊಪ್ಪಿನ ಸಾರು ಕುದಿಸುವಷ್ಟು. ಅದರಲ್ಲೇ ಒಂದು ಬಾಟಲಿ ನೀರು ಕಾಯಿಸಿ ಸೊಲ್ಮಿಯ ಕಾಲ ಬಳಿ ಇಡುತ್ತಿದ್ದಳು. ಕೋಣೆಯೊಳಗೆ ಪ್ಲಾಸ್ಟಿಕ್ ಹಾಳೆಯಿಂದ ಒಂದು ಗೂಡು ಕಟ್ಟಿ, ಅದರೊಳಗೆ ಇದ್ದಬದ್ದ ಬಟ್ಟೆಯೆಲ್ಲ ಹೊದ್ದು ಇಬ್ಬರೂ ಮುದುಡಿ ಮಲಗುತ್ತಿದ್ದರು. ಗೂಡು ಕಟ್ಟಿದ್ದು ಕೋಣೆಯ ಆ ಕೊನೆಗೆ. ಅತ್ತೆ ಸತ್ತ ಮೂಲೆಗೆ ಹೋಗಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಒಂದು ಮಧ್ಯಾಹ್ನ ಪುನಿ ಹೊಳೆಗೆ ಹೋಗಿದ್ದಳು. ನಲ್ಲಿ ನಿಂತು ಯಾವ ಕಾಲವಾಯಿತೋ, ಮಂಜುಗಡ್ಡೆ ಒಡೆದೇ ನೀರು ತರಬೇಕು. ಅಲ್ಲಿ ಪಕ್ಕದ ಮನೆಯ ಓಕ್ಜಾ ಸಿಕ್ಕಳು. ಗಂಡ ಸತ್ತ ಗಟ್ಟಿ ಹೆಂಗಸು, ಕೈ ಚುರುಕು, ನಾಲಿಗೆ ಇನ್ನೂ ಚುರುಕು. ಎರಡು ಬಕೆಟ್ ತುಂಬಿಸುತ್ತಿದ್ದಳು.

“ಒಬ್ಬಳಿಗೆ ಎರಡು ಬಕೆಟ್ ಯಾಕಕ್ಕಾ? ಸ್ನಾನ ಮಾಡ್ತೀಯಾ?” ಎಂದಳು ಪುನಿ.

“ಹೂಂ, ಮದುವೆ ಗೊತ್ತಾಗಿದೆ ನಂಗೆ. ಮೈ ಉಜ್ಕೋಬೇಡ್ವಾ?” ಎಂದು ಓಕ್ಜಾ ನಕ್ಕಳು. “ನಿನ್ನ ಒಲೆ ಹೇಗಿದೆ?”

“ಬೆಕ್ಕು ಮಲಗಿದೆ ಅಂತ ಹೇಳೋಣ ಅಂದ್ರೆ ಬೆಕ್ಕನ್ನೂ ಯಾರೋ ತಿಂದ್ಬಿಟ್ರು.”

“ನಂದೂ ಅಷ್ಟೇ ಕಣೇ. ಒಂದು ಚೂರು ಇದ್ದಲಿಲ್ಲ.” ಹಾಗೆನ್ನುವಾಗ ಓಕ್ಜಾ ಹೊಳೆಯ ಕಡೆ ನೋಡುತ್ತಿದ್ದಳು. ಪುನಿ ಅದನ್ನು ಗಮನಿಸಲಿಲ್ಲ. ಬೆರಳು ಮರಗಟ್ಟಿದವರಿಗೆ ಇನ್ನೊಬ್ಬರ ಕಣ್ಣು ನೋಡುವ ವ್ಯವಧಾನ ಎಲ್ಲಿ?

ಮನೆಗೆ ಬಂದಾಗ ಸೊಲ್ಮಿ ಗೂಡಿನಲ್ಲಿರಲಿಲ್ಲ. ಅಜ್ಜಿಯ ಮೂಲೆಯಲ್ಲಿ, ಹೊದಿಕೆ ಇಲ್ಲದೆ, ಕಾಲು ಚಾಚಿ ಕೂತು ಗೋಡೆಯ ಜೊತೆ ಏನೋ ಗುನುಗುತ್ತಿದ್ದಳು. ಪುನಿ ನೀರಿನ ಬಕೆಟ್ ಅಲ್ಲೇ ಕೆಳಗಿಟ್ಟಳು.

“ಅಲ್ಲಿ ಯಾಕೆ ಕೂತೆ? ಏಳು! ಅದು ಅಜ್ಜಿ ಜಾಗ ಅಲ್ವಾ?”

“ಅಜ್ಜೀನೇ ಬೆಚ್ಚಗೆ ಮಾಡಿದಾಳೆ. ಮುಟ್ಟಿ ನೋಡು.”

ಪುನಿ ಮುಟ್ಟಿದಳು. ನೆಲ ಬೆಚ್ಚಗಿತ್ತು. ಆಗತಾನೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಅವಳು ಅಡುಗೆಮನೆಗೆ ಓಡಿ ಒಲೆಯೊಳಗೆ ಕೈ ಹಾಕಿದಳು. ಬೂದಿ ಹಿಮದಷ್ಟು ತಣ್ಣಗೆ, ಬೂದಿಯ ಮೇಲೆ ಇಬ್ಬನಿ ಗಟ್ಟಿ ಕಟ್ಟಿತ್ತು. ಮತ್ತೆ ಬಂದು ಮುಟ್ಟಿದಳು. ಬೆಚ್ಚಗೇ ಇತ್ತು.

“ಅಜ್ಜಿ ವಾಸನೇನೂ ಬರ್ತಿದೆ. ಮೂಸು,” ಎಂದಳು ಸೊಲ್ಮಿ.

ಹೌದು. ಜೋಳದ ಸಾರಾಯಿಯ ಹುಳಿ ವಾಸನೆ. ಅತ್ತೆಗೆ ಮೈಕೈ ನೋವಿಗೆಂದು ಗುಟುಕು ಹಾಕುವ ಅಭ್ಯಾಸವಿತ್ತು. ಅವಳ ಕಂಬಳಿಗೆ, ಉಸಿರಿಗೆ, ಬೈಗುಳಕ್ಕೂ ಅದೇ ವಾಸನೆ ಇರುತ್ತಿತ್ತು. ಪುನಿ ಗೋಡೆಗೆ ಬೆನ್ನು ಕೊಡಲಾರದೆ, ಮುಖವನ್ನೂ ಕೊಡಲಾರದೆ ಕೋಣೆಯ ನಡುವೆ ನಿಂತಳು. ಹೊರಗೆ ಹಾಡುಹಗಲು. ಹಗಲಲ್ಲೇ ಇಷ್ಟು ಭಯವಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಸಂಜೆ ಟಾಕ್ ಚಿಕ್ಕಮ್ಮ ಓಣಿಯಲ್ಲಿ ಹಾದುಹೋಗುತ್ತ ಕೂಗಿದಳು. “ಪುನೀ, ಒಲೆ ಹಚ್ಚಿಲ್ಲ ತಾನೆ?”

“ಎಲ್ಲಿಂದ ಹಚ್ಚಲಿ ಚಿಕ್ಕಮ್ಮಾ?”

“ಸರಿ ಹಾಗಾದ್ರೆ, ಬಾಗ್ಲು ಬಡಿಯಲ್ಲ. ಒಂದು ಕೆಲಸ ಉಳಿಸ್ದೆ.”

ನೆಲದ ವಿಷಯ ಪುನಿ ಹೇಳಲಿಲ್ಲ. ಏನೆಂದು ಹೇಳುವುದು? ಕಳ್ಳತನದಲ್ಲಿ ಇದ್ದಲು ಸುಡುತ್ತಿದ್ದಾಳೆ ಎನ್ನುತ್ತಾರೆ, ಇಲ್ಲವೇ ತಲೆ ಕೆಟ್ಟಿದೆ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಆ ಬಿಸಿ ಹೋಗಿಬಿಟ್ಟರೆ? ಕತ್ತಲಾಗುವ ಹೊತ್ತಿಗೆ ನೆಲ ತಾನಾಗಿ ತಣ್ಣಗಾಯಿತು. ಮರುದಿನ ಬೆಳಕು ಏರಿದ ಮೇಲೆ ಮತ್ತೆ ಬೆಚ್ಚಗಾಯಿತು. ಮೊದಲ ದಿನದ ಭಯ ಎರಡನೆಯ ದಿನ ಅರ್ಧವಾಯಿತು. ಚಳಿಯ ಮುಂದೆ ದೆವ್ವ ಯಾವ ಲೆಕ್ಕ? ಅವಳು ಪ್ಲಾಸ್ಟಿಕ್ ಗೂಡನ್ನು ಬಿಚ್ಚಿ ತಂದು ಅತ್ತೆಯ ಮೂಲೆಯಲ್ಲೇ ಕಟ್ಟಿದಳು. ಬಿಸಿ ಒಂದು ಚೂರೂ ಸೋರಬಾರದೆಂದು ಅಂಚುಗಳನ್ನೆಲ್ಲ ಹಳೆಯ ಬಟ್ಟೆಯಿಂದ ಒತ್ತಿದಳು. ಗೋಡೆಯ ಬಳಿ ಒಂದು ಬಟ್ಟಲು ಶುದ್ಧ ನೀರಿಟ್ಟು ಕೈ ಜೋಡಿಸಿದಳು. “ಅತ್ತೆ, ಬದುಕಿದ್ದಾಗ ಬೈದ್ರಿ, ಸತ್ತ ಮೇಲೆ ಕಾಯ್ತಾ ಇದ್ದೀರಿ. ನಿಮ್ಮ ಮೊಮ್ಮಗಳಿಗಾದ್ರೂ ಸರಿ, ಕಾಯಿರಿ.”

ಸೊಲ್ಮಿಯ ಕೆನ್ನೆಗಳಲ್ಲಿ ಬಣ್ಣ ಮೂಡಿತು. ಕಾಗದದಂತೆ ಬೆಳ್ಳಗಿದ್ದ ಹುಡುಗಿ ಸೇಬಿನಷ್ಟು ಕೆಂಪಾದಳು. ಪುನಿಗೆ ಎಷ್ಟು ಸಂತೋಷವಾಯಿತೆಂದರೆ ಮಗುವಿನ ಕೆನ್ನೆಯನ್ನು ಕಚ್ಚಿಯೇ ಬಿಟ್ಟಳು. ಹುಡುಗಿ ತಲೆನೋವು ಎಂದಳು, ಒಂದೆರಡು ಸಲ ವಾಂತಿ ಮಾಡಿದಳು. ಮರದ ತೊಗಟೆ ಬೆರೆಸಿ ಮಾಡಿದ ರೊಟ್ಟಿ ತಿಂದರೆ ಯಾರ ಹೊಟ್ಟೆ ತಾನೇ ಸುಮ್ಮನಿರುತ್ತದೆ? ಪುನಿಗೂ ತಲೆ ಭಾರವಿತ್ತು. ಹಸಿವೆಗೆ ತಲೆ ಭಾರವಾಗುವುದೇನು ಹೊಸದೇ? ಎಲ್ಲಕ್ಕೂ ಒಂದೊಂದು ಕಾರಣ ಸಿಗುತ್ತಿತ್ತು. ವಿಷಕ್ಕೆ ಅದೇ ಬೇಕಾಗಿತ್ತು.

ಆಮೇಲೆ ಹಿಮಗಾಳಿ ಶುರುವಾಯಿತು. ಬೆಳಗಾದದ್ದೇ ತಿಳಿಯಲಿಲ್ಲ, ಕಿಟಕಿಗೆ ಹಿಮ ಮೆತ್ತಿ ಮಧ್ಯಾಹ್ನವೇ ಮುಸ್ಸಂಜೆಯಾಗಿತ್ತು. ಹೊಳೆಗೆ ಹೋಗುವ ಮಾತೇ ಇಲ್ಲ. ಅಂದು ನೆಲ ಬೆಚ್ಚಗಲ್ಲ, ಬಿಸಿಯಾಗಿತ್ತು. ಇಬ್ಬರೂ ಗೂಡಿನೊಳಗೆ ಹೊಕ್ಕರು. ಹೊದ್ದ ಬಟ್ಟೆ ಒಂದೊಂದಾಗಿ ತೆಗೆದುಹಾಕಿದರು. ಎಷ್ಟೋ ದಿನಗಳ ಮೇಲೆ ಪುನಿಯ ಕಾಲ್ಬೆರಳುಗಳು ತಮ್ಮವು ಅನ್ನಿಸಿದವು. ಸೊಲ್ಮಿ ಮಾತಾಡುತ್ತ ಆಡುತ್ತ ಅರ್ಧ ಮಾತಿನಲ್ಲೇ ನಿದ್ದೆಹೋದಳು. ಗಾಳಿ ಸೂರಿನ ಮೇಲೆ ಓಡಾಡುತ್ತಿತ್ತು. ಬಲ್ಬಿನ ತಂತಿ ಒಮ್ಮೆ ಕೆಂಪಗಾಗಿ ಆರಿತು, ಅಥವಾ ಪುನಿಯ ಕಣ್ಣಿಗೆ ಹಾಗೆ ಕಂಡಿತು.

“ಅಗಾ.”

ಗೋಡೆಯ ಬುಡದಿಂದ ಬಂತು. ಮೆಲುದನಿ. ಪುನಿಯ ಕೂದಲು ನೆಟ್ಟಗಾಯಿತು. ಸತ್ತವರು ಕರೆದರೆ ಓಗೊಡಬಾರದು ಎನ್ನುವುದು ಆ ಸೀಮೆಯ ಎಲ್ಲ ಮಕ್ಕಳಿಗೂ ಗೊತ್ತು. ಮೂರು ಸಲ ಕರೆಯುತ್ತಾರಂತೆ. ಓಗೊಟ್ಟರೆ ಕರೆದುಕೊಂಡೇ ಹೋಗುತ್ತಾರಂತೆ. ಅವಳು ತುಟಿ ಕಚ್ಚಿ ಸುಮ್ಮನಿದ್ದಳು.

“ಅಗಾ, ದಣಿದಿದ್ದೀಯ.”

ಅತ್ತೆಯದೇ ದನಿ. ಸಾರಾಯಿಯಲ್ಲಿ ನೆನೆದ ಅದೇ ಒರಟು ಗಂಟಲು, ಆದರೆ ಯಾರೋ ಅದರ ಮುಳ್ಳನ್ನೆಲ್ಲ ಕಿತ್ತಿಟ್ಟ ಹಾಗೆ. ಪುನಿಯ ಕಣ್ಣಲ್ಲಿ ನೀರು ಬಂತು. ಭಯದ ನೀರಲ್ಲ. ಮದುವೆಯಾದಂದಿನಿಂದ ಯಾವ ಮಾತಿಗೆ ಕಾದಿದ್ದಳೋ ಅದು ಬಂದಿತ್ತು. ನೀರು ಹೊತ್ತದ್ದು, ಅತ್ತೆಯ ಕಾಲು ಒತ್ತಿದ್ದು, ಕೊನೆಯ ದಿನಗಳಲ್ಲಿ ಹೇಲು ಉಚ್ಚೆ ಬಳಿದದ್ದು, ಯಾವುದೂ ವ್ಯರ್ಥವಾಗಲಿಲ್ಲ, ಎಲ್ಲವನ್ನೂ ಅತ್ತೆ ಕಂಡಿದ್ದಳು. ಅವಳ ನಾಲಿಗೆಯ ತುದಿಗೆ ‘ಓ ಅತ್ತೆ’ ಎಂಬ ಮಾತು ಬಂದು ಕೂತಿತು. ಸತ್ತರೂ ಸರಿ, ಒಮ್ಮೆ ಓಗೊಡಬೇಕು.

“ಅಗಾ, ಇನ್ನು ಮಲಕ್ಕೋ. ನಾನಿದ್ದೀನಿ. ನೀನು ಮಲಕ್ಕೋ.”

ಪುನಿ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು.

ಮಲಕ್ಕೋ?

ಅವಳ ಮಂಕು ತಲೆಯಲ್ಲಿ ಆ ಒಂದು ಮಾತು ಸಾರಿನಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ತಾಗಿತು. ಅತ್ತೆ ತನಗೆ ಎಂದಾದರೂ ಮಲಗು ಎಂದದ್ದುಂಟೇ? ಜ್ವರ ಬಂದಾಗ ಎಂದಿಲ್ಲ. ಸೊಲ್ಮಿಯನ್ನು ಹೆತ್ತ ದಿನ ಎಂದಿಲ್ಲ, ಅಂದೂ “ಹೆತ್ತಿದ್ದು ಸಾಕು, ಏಳು” ಎಂದವಳು. ಸಾವು ಮನುಷ್ಯರನ್ನು ಬದಲಾಯಿಸೀತು, ಅತ್ತೆಯನ್ನು? ಇದು ಅತ್ತೆಯಲ್ಲ. ಅತ್ತೆಯಾಗಿದ್ದರೆ ಒದ್ದು ಎಬ್ಬಿಸುತ್ತಿದ್ದಳು. ಹಾಗಾದರೆ ಯಾರು ನನ್ನನ್ನು ಮಲಗಿಸುತ್ತಿರುವವರು?

ಮೊದಲು ತಲೆನೋವು, ಆಮೇಲೆ ಹಾಯಾದ ನಿದ್ದೆ. ಟಾಕ್ ಚಿಕ್ಕಮ್ಮ ಪ್ರತಿ ಚಳಿಗಾಲ ಬಾಯಿಪಾಠ ಮಾಡಿಸುತ್ತಿದ್ದ ಮಾತು ಎಲ್ಲಿಂದಲೋ ತೇಲಿಬಂತು.

“ಸೊಲ್ಮೀ!”

ಕೂಗಿದಳೆಂದುಕೊಂಡಳು, ದನಿ ಹೊರಡಲಿಲ್ಲ. ಏಳಲು ಹೋದರೆ ಕಾಲುಗಳು ಮತ್ತಾರವೋ ಆಗಿದ್ದವು. ಮಗುವನ್ನು ಅಲುಗಿಸಿದಳು. ಕೆನ್ನೆ ಕೆಂಪು, ತುಟಿ ಕೆಂಪು, ಮುಖದಲ್ಲಿ ನಗು, ಕತ್ತು ಮಾತ್ರ ಒದ್ದೆ ಬಟ್ಟೆಯಂತೆ ಜೋತುಬಿತ್ತು. ತಾನೇ ಒತ್ತಿ ಒತ್ತಿ ಸಿಕ್ಕಿಸಿದ್ದ ಪ್ಲಾಸ್ಟಿಕ್ಕಿನ ಅಂಚು ಈಗ ಬಿಡಿಸಲು ಬರಲೊಲ್ಲದು. ಹಲ್ಲಿನಿಂದ ಕಚ್ಚಿ ಹರಿದಳು. ಮಗುವಿನ ಅಂಗಿಯ ಕತ್ತುಪಟ್ಟಿ ಹಿಡಿದು ತೆವಳಿದಳು. ಬಾಗಿಲು ಆ ಕೊನೆಯಲ್ಲಿತ್ತು. ನಿತ್ಯ ನಾಲ್ಕು ಹೆಜ್ಜೆಗೆ ಮುಗಿಯುವ ಕೋಣೆ ಅಂದು ಮುಗಿಯಲೇ ಇಲ್ಲ. ಹಿಂದಿನಿಂದ ಆ ದನಿ ಬರುತ್ತಲೇ ಇತ್ತು. ಅಗಾ, ಎಲ್ಲಿಗೆ ಹೋಗ್ತೀಯ. ಹೊರಗೆ ಚಳಿ. ಅಗಾ, ಇಲ್ಲಿ ಬೆಚ್ಚಗಿದೆ. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ಪ್ರೀತಿ. ಅದನ್ನು ಬಿಟ್ಟು ತೆವಳುವುದು ಎಷ್ಟು ಕಷ್ಟವಾಯಿತೆಂದರೆ ಅವಳು ಹೋ ಎಂದು ಅಳುತ್ತಲೇ ತೆವಳಿದಳು.

ಬಾಗಿಲ ಹೊರಗೆ ಹಿಮ ಒರಗಿಕೊಂಡಿತ್ತು. ಭುಜ ಕೊಟ್ಟು ನೂಕಿದಳು. ಒಂದು ಸಲಕ್ಕೆ ಅಲುಗಲಿಲ್ಲ, ಇನ್ನೊಂದು ಸಲಕ್ಕೆ ಅಲುಗಲಿಲ್ಲ. ಆಗ ಅವಳು ತನ್ನನ್ನು ತಾನೇ ಬೈದುಕೊಂಡಳು, ಅತ್ತೆಯ ಬಾಯಿಂದ ಎರವಲು ತಂದು. “ಏ ಸೋಮಾರಿ! ಏ ಕರಡಿ! ಏಳೇ!” ಬಾಗಿಲು ಒಂದು ಮೊಳ ಬಿರಿಯಿತು. ಸಂದಿಯಿಂದ ಗಾಳಿ ಕತ್ತಿಯಂತೆ ನುಗ್ಗಿತು. ಮಗುವನ್ನು ಆ ಸಂದಿಗೆ ತಳ್ಳಿ, ತಾನೂ ಹಿಮದಲ್ಲಿ ಮೊಗಚಿ ಬಿದ್ದು, ಈಗ ಕೂಗಿದಳು. ಈಗ ದನಿ ಬಂತು.

ಮೊದಲು ಓಡಿಬಂದವಳು ಓಕ್ಜಾ. ಮೈಯೆಲ್ಲ ಬೆವತಿದ್ದಳು. ಆ ಹಿಮಗಾಳಿಯಲ್ಲಿ ಬೆವತಿದ್ದಳು. ನೋಡಿದವಳೇ “ಅಯ್ಯೋ ನನ್ನ ಕರ್ಮವೇ” ಎಂದು ಮಗುವನ್ನು ಎತ್ತಿ ಬೋರಲು ಹಾಕಿ ಬೆನ್ನು ಗುದ್ದಿದಳು. ಮತ್ತೆ ತನ್ನ ಮನೆಗೆ ಓಡಿ ಮೂಲಂಗಿ ಉಪ್ಪಿನಕಾಯಿಯ ಜಾಡಿಯಿಂದ ಮಂಜು ತೇಲುವ ಹುಳಿನೀರು ತಂದಳು. ಗ್ಯಾಸು ಹಿಡಿದವರಿಗೆ ಅಲ್ಲಿ ಅದೇ ಮದ್ದು. ತುಟಿಗೆ ಹನಿಸಿದರು, ಮುಖಕ್ಕೆ ಎರಚಿದರು. ಮಗು ಕದಲಲಿಲ್ಲ. ಸುದ್ದಿ ಕೇಳಿ ಟಾಕ್ ಚಿಕ್ಕಮ್ಮ ಬಂದಳು. ಅವಳು ಬಗ್ಗಿ ಕೂಗಿದಳು, “ಸೊಲ್ಮೀ, ಜೀವ ಇದ್ಯಾ? ಹೇಳೇ, ಜೀವ ಇದ್ಯಾ?” ಪುನಿ ಮಗಳ ಬಾಯಿಗೆ ಕಿವಿಯಿಟ್ಟಳು. ತನ್ನ ಜೀವಮಾನದಲ್ಲಿ ಅಷ್ಟು ಗಮನವಿಟ್ಟು ಅವಳು ಏನನ್ನೂ ಕೇಳಿರಲಿಲ್ಲ.

ಕೊನೆಗೆ ಹುಡುಗಿ ಕೆಮ್ಮಿದಳು. ಹುಳಿನೀರು, ರೊಟ್ಟಿ ಎಲ್ಲ ಹೊರಗೆ ಬಂತು. ಆಮೇಲೆ ಕಿಟಾರನೆ ಅತ್ತಳು. ಆ ಅಳು ಕೇಳಿ ಪುನಿ ನಕ್ಕಳು. ನಗುತ್ತಲೇ ತಾನೂ ಹಿಮದ ಮೇಲೆ ವಾಂತಿ ಮಾಡಿದಳು.

ಓಕ್ಜಾ ತಾನಾಗಿಯೇ ಬಾಯಿ ಬಿಟ್ಟಳು. ಹಗಲು ಹೊತ್ತು, ಪಹರೆ ಬಾರದ ವೇಳೆಯಲ್ಲಿ, ಅವಳು ಜೋಳದ ಸಾರಾಯಿ ಕಾಯಿಸುತ್ತಿದ್ದಳು. ತಿನ್ನುವ ಜೋಳದಿಂದ ಸಾರಾಯಿ ಮಾಡುವುದು ಅಪರಾಧ. ಇದ್ದಲನ್ನು ಎಲ್ಲಿಂದ ತಂದಳೋ ಅದೂ ಅಪರಾಧವೇ. ಹೊಗೆ ಕಾಣಬಾರದೆಂದು ಹೊಗೆಗೂಡಿಗೆ ಒದ್ದೆ ಗೋಣಿಚೀಲ ಮುಚ್ಚಿದ್ದಳು. ಗೋಣಿಯ ಮೇಲೆ ಹಿಮ ಬಿದ್ದು ಗಟ್ಟಿಯಾಯಿತು. ಮೇಲೆ ದಾರಿ ಕಾಣದ ಹೊಗೆ ಗೋಡೆಯ ಬುಡದ ಬಿರುಕಿನಿಂದ ಪುನಿಯ ನೆಲದಡಿಗೆ ನುಗ್ಗಿತ್ತು. ಓಕ್ಜಾಳ ಒಲೆ ಇದ್ದದ್ದು ಅತ್ತೆಯ ಮೂಲೆಯ ಗೋಡೆಯ ಆಚೆ ಮಗ್ಗುಲಲ್ಲೇ.

“ನಾನು ಬಾಗ್ಲು ತೆಗೆದಿಟ್ಕೊಂಡು ಕೂತಿದ್ದೆ ಕಣೇ, ನಂಗೇನೂ ಆಗ್ಲಿಲ್ಲ,” ಎಂದು ಓಕ್ಜಾ ಎದೆ ಬಡಿದುಕೊಂಡಳು. “ನಿನ್ನ ಗೋಡೆ ನಿನ್ನ ಅತ್ತೆ ಮೆತ್ತಿರ್ತಾಳೆ ಅಂತಿದ್ದೆ. ಆ ಮುದುಕಿ ಹೋಗಿದ್ದೇ ಮರ್ತಿದ್ದೆ. ಕೈಯಾರೆ ಕೊಲ್ತಿದ್ನಲ್ಲೇ ನಿಮ್ಮನ್ನ.”

ಟಾಕ್ ಚಿಕ್ಕಮ್ಮ ಸೂರಿನ ಮೇಲಿನ ಗೋಣಿಚೀಲವನ್ನು ನೋಡಿದಳು. ಆಮೇಲೆ ಬೇರೆ ಕಡೆ ನೋಡಿದಳು. “ಹೊಗೆಗೂಡಿಗೆ ಹಿಮ ಮುಚ್ಕೊಂಡಿತ್ತು. ಎಲ್ರಿಗೂ ತಿಳೀತಾ? ಹಿಮ.” ಪುನಿಯ ಕಡೆ ತಿರುಗಿ, “ನಾಳೆಯಿಂದ ಹೊಗೆ ಇಲ್ಲದ ಮನೇನೂ ಬಡೀತೀನಿ,” ಎಂದಳು. ಅವಳ ದನಿ ಸಣ್ಣಗಾಗಿತ್ತು.

ಹಿಮಗಾಳಿ ನಿಂತ ಮೇಲೆ ಪುನಿ ಗೋಡೆ ಮೆತ್ತಲು ಕೂತಳು. ಮಣ್ಣನ್ನು ಎದುರುಮನೆಯವರು ಕೊಟ್ಟರು. ಅಂಟಿಗೆ ಹಿಟ್ಟನ್ನು ಓಕ್ಜಾ ತಂದಿಟ್ಟು ಹೋದಳು. ನೆಲ ಈಗ ಹಿಮದಷ್ಟೇ ತಣ್ಣಗೆ. ಪ್ಲಾಸ್ಟಿಕ್ ಗೂಡು ಮತ್ತೆ ಆ ಕೊನೆಗೆ ಹೋಗಿತ್ತು. ಸೊಲ್ಮಿ ಅದರೊಳಗಿಂದ ಮೂಗು ಮಾತ್ರ ಹೊರಗಿಟ್ಟು ತಾಯಿಯನ್ನೇ ನೋಡುತ್ತಿದ್ದಳು. ಕೆನ್ನೆ ಮತ್ತೆ ಕಾಗದದಂತೆ ಬೆಳ್ಳಗಾಗಿತ್ತು. ಪುನಿ ಆ ಬಿಳುಪನ್ನು ತಿರುತಿರುಗಿ ನೋಡಿ ಸಮಾಧಾನಪಡುತ್ತಿದ್ದಳು.

ಅತ್ತೆಯ ಹಾಗೆ ಮಂಡಿಯೂರಿ, ಅತ್ತೆ ಒತ್ತುತ್ತಿದ್ದ ಹಾಗೆ ಹೆಬ್ಬೆರಳಿನಿಂದ ಮಣ್ಣು ಒತ್ತಿದಳು. ಬಿರುಕು ಸಣ್ಣದು, ಕಿರುಬೆರಳು ಹೋಗುವಷ್ಟು. ಇಷ್ಟು ಸಂದಿಯಿಂದ ಬಂದದ್ದು ಬರೀ ಹೊಗೆ, ಬರೀ ವಿಷ, ತನ್ನ ಮಂಕು ತಲೆ ಅದಕ್ಕೆ ಒಂದು ದನಿ ಕೊಟ್ಟಿತು, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಜೀವಮಾನಕ್ಕೆ ಸಿಕ್ಕ ಒಂದೇ ಒಂದು ಒಳ್ಳೆಯ ಮಾತು, ಅದೂ ಗ್ಯಾಸಿನದು. ಆ ಮಾತಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಓಕ್ಜಾಗೆ ಹೇಳಿರಲಿಲ್ಲ, ಬೆಟ್ಟದಿಂದ ಗಂಡ ಬಂದರೂ ಹೇಳುವವಳಲ್ಲ. ನಗುತ್ತಾರೆ, ಇಲ್ಲವೇ ಅಯ್ಯೋ ಎನ್ನುತ್ತಾರೆ. ಎರಡೂ ಬೇಡ.

“ಅಮ್ಮಾ.”

“ಏನು?”

“ಅಜ್ಜಿ ಅಷ್ಟು ಸಲ ಕರೆದ್ಲು. ನೀನ್ಯಾಕೆ ಓ ಅನ್ಲಿಲ್ಲ?”

ಪುನಿಯ ಹೆಬ್ಬೆರಳು ಬಿರುಕಿನ ಮೇಲೆ ನಿಂತಿತು. “ಏನಂತ ಕರೆದ್ಲು?” ಎಂದು ಕೇಳಿದಳು. ಕೇಳಬಾರದಿತ್ತು.

“ಅಗಾ ಅಂತ,” ಎಂದಳು ಸೊಲ್ಮಿ. ಆ ಮನೆಯಲ್ಲಿ ಹುಟ್ಟಿದಂದಿನಿಂದ ಯಾರ ಬಾಯಲ್ಲೂ ಕೇಳಿರದ ಮಾತನ್ನು ಹುಡುಗಿ ಅಜ್ಜಿಯದೇ ಒರಟು ಎಳೆತದಲ್ಲಿ ಅಂದಳು. “ಅಗಾ ಅಂದ್ರೆ ಯಾರು? ನೀನೇನಾ?”

ಇನ್ನೂ ಮುಚ್ಚದೆ ಉಳಿದಿದ್ದ ಬಿರುಕಿನಿಂದ ಸಣ್ಣಗೆ ಗಾಳಿ ಬರುತ್ತಿತ್ತು, ತಣ್ಣನೆಯ ಗಾಳಿ, ಅದರಲ್ಲಿ ಹುಳಿ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಓಕ್ಜಾಳ ಒಲೆ ಅಂದು ಆರಿತ್ತು. ಪುನಿ ಬಗ್ಗಿ, ಗೋಡೆಯ ಬುಡಕ್ಕೆ ಬಾಯಿ ಹತ್ತಿರ ತಂದಳು. ತುಂಬಿದ ಮನೆಯ ಸೊಸೆ ಹಿರಿಯರಿಗೆ ಹೇಳುವಷ್ಟು ಮರ್ಯಾದೆಯಿಂದ, ಮಗಳಿಗೆ ಕೇಳದಂತೆ ಹೇಳಿದಳು.

“ನಾನೇ, ಅತ್ತೆ. ಬರ್ತೀನಿ. ಈಗಲ್ಲ.”

ಆಮೇಲೆ ಉಳಿದ ಮಣ್ಣನ್ನೆಲ್ಲ ಬಾಚಿ ಬಿರುಕಿಗೆ ತುಂಬಿದಳು.